ಕಾರಿನ ಕ್ಲಚ್, ಬ್ರೇಕ್, ಗೇರ್, ಸ್ಟೇರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಸೀಮೆಯಲ್ಲಿ ಹೊಸದಾಗಿ ಕಾರು ಕಲಿಯುತ್ತಿರುವವರು, ಲೈಸೆನ್ಸ್ ಇದ್ದೂ ವರ್ಷಗಟ್ಟಲೆ ಸ್ಟೇರಿಂಗ್ ಮುಟ್ಟದವರು, ಬೈಕ್ ಬಿಟ್ಟು ಕಾರಿಗೆ ಬಂದವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಹೆಚ್ಚಿನ ಉತ್ತರಗಳು ಎರಡು ಮಾತಿಗೆ ಬಂದು ನಿಲ್ಲುತ್ತವೆ. ಬಲಗಾಲು ಯಾವ ಪೆಡಲ್ ಮೇಲಿದೆ ಎನ್ನುವುದು ಬಗ್ಗಿ ನೋಡದೆ ಗೊತ್ತಿರಬೇಕು. ತಿರುವು, ಹಂಪ್, ಸರ್ಕಲ್ ಬರುವ ಮೊದಲೇ ವೇಗ ಇಳಿದಿರಬೇಕು.

## ಗಾಡಿ ಹತ್ತಿ ಕೂರುವಾಗ

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಬಂದಿದೆ. ಬೆಳಿಗ್ಗೆ ಬೇಗ ಎದ್ದು ಒಬ್ಬನೇ ಓಡಿಸಿ ಕಲಿಯಬಹುದಾ?

ಇಲ್ಲ. ಎಲ್‌ಎಲ್‌ಆರ್ ಇರುವವರ ಪಕ್ಕದ ಸೀಟಿನಲ್ಲಿ ಕಾರಿನ ಪೂರ್ಣ ಲೈಸೆನ್ಸ್ ಇರುವವರು ಕೂತಿರಲೇಬೇಕು. ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಕಾರಿನ ಮುಂದೂ ಹಿಂದೂ ಇರಬೇಕು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಅದು ಕೈಗೆ ಬಂದು 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಪಕ್ಕದಲ್ಲಿ ಕೂರುವವರ ಕೈಗೆ ಹ್ಯಾಂಡ್‌ಬ್ರೇಕ್ ಸಿಗುವಂತಿರಲಿ. ಜಾಗದ ವಿಷಯಕ್ಕೆ ಬಂದರೆ, ರಿಂಗ್ ರೋಡ್ ಆಚೆ ಮನೆಗಳಿನ್ನೂ ಏಳದ ಹೊಸ ಬಡಾವಣೆಗಳ ಡಾಂಬರು ರಸ್ತೆಗಳು ಮೊದಲ ವಾರಕ್ಕೆ ಸರಿ. ಆಟದ ಮೈದಾನ ಬೇಡ. ಅಲ್ಲಿ ಮಕ್ಕಳು ಯಾವ ಕಡೆಯಿಂದ ಓಡಿ ಬರುತ್ತಾರೆಂದು ಹೇಳಲಾಗದು.

ನಾನು ಸ್ವಲ್ಪ ಕುಳ್ಳಗಿದ್ದೀನಿ, ಬಾನೆಟ್ ಕಾಣಲ್ಲ ಅಂತ ಸ್ಟೇರಿಂಗ್‌ಗೆ ಅಂಟಿಕೊಂಡು ಕೂರ್ತೀನಿ. ಪರವಾಗಿಲ್ವಾ?

ಅದು ಸರಿಯಲ್ಲ, ದಯವಿಟ್ಟು ಬದಲಾಯಿಸಿಕೊಳ್ಳಿ. ಸ್ಟೇರಿಂಗ್ ನಡುವಿನಿಂದ ಏರ್‌ಬ್ಯಾಗ್ ಚಿಮ್ಮಿ ಬರುತ್ತದೆ. ಎದೆಗೂ ಸ್ಟೇರಿಂಗ್‌ನ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರ ಇಲ್ಲದಿದ್ದರೆ ಕಾಪಾಡಬೇಕಾದ ಏರ್‌ಬ್ಯಾಗೇ ಪೆಟ್ಟು ಕೊಡುತ್ತದೆ.

ಮೊದಲು ಬೆನ್ನು, ಸೊಂಟ ಎರಡೂ ಸೀಟಿಗೆ ಒರಗುವಂತೆ ಕೂರಿ. ಎಡಗಾಲಿನಿಂದ ಕ್ಲಚ್ಚನ್ನು ಪೂರ್ತಿ ತಳಕ್ಕೆ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಿಚಿರಬೇಕು. ಕಾಲು ಸೆಟೆದು ನೇರವಾಗಿದ್ದರೆ ಸೀಟು ಮುಂದಕ್ಕೆ, ಮಂಡಿ ಸ್ಟೇರಿಂಗ್ ಕೆಳಭಾಗಕ್ಕೆ ತಗುಲುತ್ತಿದ್ದರೆ ಹಿಂದಕ್ಕೆ. ಆಮೇಲೆ ಬೆನ್ನು ಸೀಟಿನಿಂದ ಎತ್ತದೆ ಕೈ ಚಾಚಿ. ಮಣಿಕಟ್ಟು ಸ್ಟೇರಿಂಗ್‌ನ ಮೇಲಂಚಿನ ಮೇಲೆ ಕೂರುವಂತೆ ಸೀಟಿನ ಬೆನ್ನು ಹೊಂದಿಸಿ. ರಸ್ತೆ ಕಾಣದಿದ್ದರೆ ಸೀಟನ್ನು ಎತ್ತರಿಸುವ ಲಿವರ್ ಬಳಸಿ. ಲಿವರ್ ಇಲ್ಲದ ಕಾರಿನಲ್ಲಿ ಜಾರದಂತಹ ಗಟ್ಟಿ ಕುಶನ್ ಹಾಕಿಕೊಳ್ಳಿ. ಮೆತ್ತನೆಯ ದಿಂಬು ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ದಿಂಬು ಅದುಮಿ ಮೈ ಕೆಳಕ್ಕೆ ಜಾರಿ, ಬೆಲ್ಟ್ ಹೊಟ್ಟೆಗೆ ಬರುತ್ತದೆ. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ, ಮೇಲಿನ ಪಟ್ಟಿ ಹೆಗಲ ನಡುವೆ ಹಾದು ಎದೆಯ ಮೇಲೆ ಕೂರಬೇಕು. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ.

ಚಪ್ಪಲಿ ಹಾಕ್ಕೊಂಡು ಓಡಿಸೋದರಲ್ಲಿ ಏನು ತಪ್ಪು?

ಹಿಮ್ಮಡಿ ಬಿಗಿಯದ ಹವಾಯಿ ಚಪ್ಪಲಿ ಪೆಡಲ್ ಕೆಳಗೆ ಮಡಚಿ ಸಿಕ್ಕಿಕೊಳ್ಳುತ್ತದೆ. ತೆಳು ಅಟ್ಟೆಯ ಶೂ, ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಕಾರ್ಪೆಟ್ ಮೇಲೆ ಇನ್ನೊಂದು ಮ್ಯಾಟ್ ಹಾಸಿದ್ದರೆ ತೆಗೆಯಿರಿ, ಅದು ಜಾರಿ ಎಕ್ಸಲೇಟರ್ ಮೇಲೆ ಏರುತ್ತದೆ. ನೀರಿನ ಬಾಟಲಿ ಡ್ರೈವರ್ ಕಾಲ ಬಳಿ ಉರುಳುವ ಹಾಗೆ ಇಡಲೇಬೇಡಿ. ಬ್ರೇಕ್ ಕೆಳಗೆ ಸಿಕ್ಕಿದ ಒಂದು ಬಾಟಲಿ ಸಾಕು, ಬ್ರೇಕ್ ಇದ್ದೂ ಇಲ್ಲದಂತಾಗಲು.

ಪೆಡಲ್ ಮೂರು, ಕಾಲು ಎರಡು. ಗಾಬರಿ ಆದಾಗ ಬ್ರೇಕ್ ಬದಲು ಎಕ್ಸಲೇಟರ್ ಒತ್ತಿಬಿಡ್ತೀನಿ ಅನ್ನೋ ಭಯ.

ಈ ಭಯ ನ್ಯಾಯವಾದದ್ದು. ಗೇಟು, ಕಾಂಪೌಂಡ್ ಗೋಡೆಗೆ ನುಗ್ಗುವ ಕಾರುಗಳಲ್ಲಿ ಬಹಳಷ್ಟು ನುಗ್ಗುವುದು ಹೀಗೆಯೇ. ಎಡದಿಂದ ಕ್ಲಚ್, ಬ್ರೇಕ್, ಎಕ್ಸಲೇಟರ್. ಎಡಗಾಲು ಕ್ಲಚ್‌ಗೆ ಮಾತ್ರ. ಬ್ರೇಕ್, ಎಕ್ಸಲೇಟರ್ ಎರಡಕ್ಕೂ ಬಲಗಾಲೇ, ಏಕೆಂದರೆ ಒಂದೇ ಕಾಲು ಎರಡನ್ನೂ ಒಟ್ಟಿಗೆ ಒತ್ತಲಾರದು.

ಬಲಗಾಲಿನ ಹಿಮ್ಮಡಿಯನ್ನು ಬ್ರೇಕ್ ಪೆಡಲ್‌ನ ನೇರಕ್ಕೆ ನೆಲದ ಮೇಲೆ ಊರಿ. ಎಕ್ಸಲೇಟರ್ ಬೇಕಾದಾಗ ಹಿಮ್ಮಡಿ ಕದಲಿಸದೆ ಮುಂಗಾಲನ್ನಷ್ಟೇ ಬಲಕ್ಕೆ ಹೊರಳಿಸಿ. ಬಿಟ್ಟ ಕೂಡಲೇ ಮುಂಗಾಲು ಬ್ರೇಕ್ ಮೇಲೆ ಬಂದು ನಿಲ್ಲಲಿ. ಎಂಜಿನ್ ಆಫ್ ಇರುವಾಗ, ಮನೆ ಮುಂದೆ ನಿಂತ ಕಾರಿನಲ್ಲೇ, ಕಣ್ಣು ರಸ್ತೆ ಕಡೆ ಇಟ್ಟು ಇದನ್ನು ದಿನಕ್ಕೆ ಹತ್ತು ನಿಮಿಷ ಮಾಡಿ. ನಿಯಮ ಒಂದೇ: ಎಕ್ಸಲೇಟರ್ ಒತ್ತುವ ಕೆಲಸ ಇಲ್ಲದಿದ್ದರೆ ಕಾಲು ಬ್ರೇಕ್ ಮೇಲಿರಬೇಕು. ರಿವರ್ಸ್ ತೆಗೆಯುವಾಗ, ಗೇಟಿನೊಳಗೆ ನುಗ್ಗಿಸುವಾಗ ಇದು ಇನ್ನೂ ಮುಖ್ಯ. ಮೈ ತಿರುಗಿಸಿ ಹಿಂದೆ ನೋಡಿದಾಗ ಹಿಮ್ಮಡಿ ತಾನಾಗಿ ಜಾಗ ಬಿಟ್ಟು ಸರಿದಿರಬಹುದು, ಬ್ರೇಕ್ ಎಂದು ಒತ್ತಿದ್ದು ಎಕ್ಸಲೇಟರ್ ಆಗಬಹುದು.

ಸೈಡ್ ಮಿರರ್‌ನಲ್ಲಿ ನಮ್ಮ ಗಾಡಿ ಎಷ್ಟು ಕಾಣಬೇಕು?

ಒಂದು ಸಣ್ಣ ಅಂಚು ಮಾತ್ರ. ಹಿಂಬಾಗಿಲಿನ ಹಿಡಿ ಮಿರರ್‌ನ ಒಳಮೂಲೆಯಲ್ಲಿ ಚೂರೇ ಕಂಡರೆ ಸಾಕು. ಭೂಮಿ ಅಂಚು ಮಿರರ್‌ನ ನಡುವೆ ಬರಲಿ. ಎಷ್ಟೇ ಸರಿಯಾಗಿ ಹೊಂದಿಸಿದರೂ ನಿಮ್ಮ ಹೆಗಲ ಪಕ್ಕದಲ್ಲಿ ಬರುವ ಸ್ಕೂಟರ್ ಯಾವ ಮಿರರ್‌ಗೂ ಸಿಗುವುದಿಲ್ಲ. ಪಥ ಬದಲಿಸುವ ಮುನ್ನ ಆ ಕಡೆಗೆ ತಲೆ ತಿರುಗಿಸಿ ಒಮ್ಮೆ ನೋಡಲೇಬೇಕು.

ಕೀ ತಿರುಗಿಸಿದ ತಕ್ಷಣ ಕೆಂಪು, ಹಳದಿ ದೀಪ ಎಲ್ಲ ಹತ್ತುತ್ತವೆ. ಗಾಡಿ ಕೆಟ್ಟಿದೆಯಾ?

ಇಲ್ಲ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆ. ಎಂಜಿನ್ ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆಯಿಲ್, ಬ್ಯಾಟರಿ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳು ಆರಬೇಕು. ಎಣ್ಣೆಯ ಕ್ಯಾನಿನಂಥ ಕೆಂಪು ದೀಪ ಓಡುವಾಗ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಇನ್ನೊಂದು ಕಿಲೋಮೀಟರ್ ಓಡಿಸಿದರೂ ಎಂಜಿನ್ ಹಿಡಿದುಕೊಳ್ಳಬಹುದು. ವೃತ್ತದ ಒಳಗೆ ಆಶ್ಚರ್ಯ ಚಿಹ್ನೆ ಇರುವ ಕೆಂಪು ದೀಪ ಹ್ಯಾಂಡ್‌ಬ್ರೇಕ್‌ದು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆ ಆಗಿರಬಹುದು, ಗಾಡಿ ತೆಗೆಯಬೇಡಿ. ಡೀಸೆಲ್ ಕಾರಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ.

## ಕ್ಲಚ್ ಮತ್ತು ಗೇರ್

ಕ್ಲಚ್ ಬಿಟ್ಟ ತಕ್ಷಣ ಗಾಡಿ ಜರ್ಕ್ ಹೊಡ್ದು ಆಫ್ ಆಯ್ತದೆ. ಯಾಕೆ?

ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಇವೆರಡನ್ನೂ ಬೇರೆ ಮಾಡಿ ಹಿಡಿಯುವುದು ನೀವು ಒತ್ತಿದ ಕ್ಲಚ್. ಸಟಕ್ಕನೆ ಬಿಟ್ಟರೆ ನಿಂತ ಚಕ್ರ ತಿರುಗುವ ಎಂಜಿನ್ನನ್ನೇ ಹಿಡಿದು ನಿಲ್ಲಿಸುತ್ತದೆ.

ಪೆಡಲ್ ಮೇಲೆ ಬರುವ ದಾರಿಯಲ್ಲಿ ಕ್ಲಚ್ ಹಿಡಿಯಲು ಶುರುವಾಗುವ ಒಂದು ಜಾಗ ಇದೆ. ಎಂಜಿನ್ ಸದ್ದು ತುಸು ಭಾರವಾಗುತ್ತದೆ, ಬಾನೆಟ್ ಅದುರುತ್ತದೆ, ಗಾಡಿಯ ಮೂತಿ ಚೂರು ಮೇಲೇಳುತ್ತದೆ. ಆ ಜಾಗದಲ್ಲಿ ಎಡಗಾಲನ್ನು ಎರಡು ಸೆಕೆಂಡ್ ಕದಲಿಸದೆ ಹಿಡಿಯಿರಿ. ಗಾಡಿ ಉರುಳಲು ಶುರುವಾಗಿ ಒಂದು ಕಾರಿನುದ್ದ ಮುಂದೆ ಹೋದ ಮೇಲೆ ಉಳಿದದ್ದನ್ನು ಬಿಡಿ. ಬಹಳ ಜನ ತಪ್ಪುವುದು ಇಲ್ಲೇ: ಗಾಡಿ ಕದಲಿತು ಎಂದ ಕೂಡಲೇ ಸಂತೋಷಕ್ಕೆ ಕಾಲು ಪೂರ್ತಿ ತೆಗೆದುಬಿಡುತ್ತಾರೆ.

ಕಲಿಯುವ ಕ್ರಮ ಇದು. ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಎಕ್ಸಲೇಟರ್ ಮುಟ್ಟದೆ, ಬರೀ ಕ್ಲಚ್ಚಿನಲ್ಲೇ ಗಾಡಿ ಕದಲಿಸಿ. ಮತ್ತೆ ಕ್ಲಚ್, ಬ್ರೇಕ್ ಒತ್ತಿ ನಿಲ್ಲಿಸಿ. ಇದು ಇಪ್ಪತ್ತು ಸಲ ಆಫ್ ಆಗದೆ ಬಂದ ಮೇಲೆ ಎಕ್ಸಲೇಟರ್ ಸೇರಿಸಿ. ಕಾರು ಬದಲಾದರೆ ಹಿಡಿಯುವ ಜಾಗವೂ ಬದಲಾಗುತ್ತದೆ. ಡ್ರೈವಿಂಗ್ ಸ್ಕೂಲ್ ಕಾರಿನಿಂದ ಮನೆ ಕಾರಿಗೆ ಬಂದ ಮೊದಲ ದಿನ ಆಫ್ ಆದರೆ ಎದೆಗುಂದಬೇಡಿ.

ಯಾವ ಸ್ಪೀಡಿಗೆ ಯಾವ ಗೇರ್?

ಸಾಮಾನ್ಯ ಪೆಟ್ರೋಲ್ ಕಾರಿಗೆ ಅಂದಾಜು ಲೆಕ್ಕ: ಕದಲಿಸುವುದರಿಂದ 10–15 ಕಿ.ಮೀ.ವರೆಗೆ ಒಂದು, 30ರವರೆಗೆ ಎರಡು, 45ರವರೆಗೆ ಮೂರು, 60ರವರೆಗೆ ನಾಲ್ಕು, ಅಲ್ಲಿಂದಾಚೆ ಐದು. ಆದರೆ ಮೀಟರ್ ನೋಡಿ ಗೇರ್ ಹಾಕುವ ಚಟ ಬೇಡ, ಕಿವಿ ಕೊಡಿ. ಎಂಜಿನ್ ಕೂಗುತ್ತಿದ್ದರೆ ಮೇಲಿನ ಗೇರ್, ಗುದ್ದಿದಂತೆ ನಡುಗುತ್ತಿದ್ದರೆ ಕೆಳಗಿನದು. ಹಂಪ್ ಹತ್ತಿರ ಬಂದಾಗ ಎರಡನೇ ಗೇರಿಗೆ ಇಳಿಯದೆ ಮೂರರಲ್ಲೇ ಎಳೆದರೆ ಎಂಜಿನ್ ಒದ್ದಾಡುತ್ತದೆ. ಗೇರ್ ಹಾಕುವಾಗ ಕಣ್ಣು ಲಿವರ್ ಮೇಲೆ ಇಳಿಯಬಾರದು. 50 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಕೆಳಗೆ ನೋಡಿದರೆ ಗಾಡಿ 14 ಮೀಟರ್ ಕುರುಡಾಗಿ ಓಡಿರುತ್ತದೆ.

ಸಯ್ಯಾಜಿರಾವ್ ರಸ್ತೆ ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್‌ನಲ್ಲೇ ಹೋಗ್ತೀನಿ. ಸುಟ್ಟ ವಾಸನೆ ಬರುತ್ತೆ.

ಕ್ಲಚ್ ಪ್ಲೇಟ್ ಉಜ್ಜಿ ಸುಡುತ್ತಿದೆ. ಹಾಫ್ ಕ್ಲಚ್, ಅಂದರೆ ಪೆಡಲನ್ನು ಅರ್ಧ ಒತ್ತಿ ಹಿಡಿಯುವುದು, ಇರುವುದು ಗಾಡಿ ಕದಲಿಸುವ ಎರಡು ಮೂರು ಸೆಕೆಂಡಿಗೆ, ನಿಂತ ಗಾಡಿಯನ್ನು ಹಿಡಿದಿಡುವುದಕ್ಕಲ್ಲ. ಮುಂದಿನ ಗಾಡಿ ಎರಡಡಿ ಸರಿದರೆ ನೀವು ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಆಗುವವರೆಗೆ ಬಿಟ್ಟು, ಒಮ್ಮೆಗೇ ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿದ್ದರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಓಡುವಾಗ ಎಡಪಾದವನ್ನು ಕ್ಲಚ್ ಮೇಲೆ ಸುಮ್ಮನೆ ಇಟ್ಟುಕೊಂಡರೂ ಬೇರಿಂಗ್ ಸವೆಯುತ್ತದೆ. ಎಡಬದಿಯಲ್ಲಿ ಪಾದ ಇಡುವ ಜಾಗಕ್ಕೆ ಸರಿಸಿ.

ರಿವರ್ಸ್ ಗೇರ್ ಬೀಳ್ತಿಲ್ಲ, ಕರ್ ಅಂತ ಸದ್ದು ಮಾಡುತ್ತೆ.

ಗಾಡಿ ಪೂರ್ತಿ ನಿಂತಿರಬೇಕು, ಒಂದಿಂಚು ಉರುಳುತ್ತಿದ್ದರೂ ಆಗದು. ಕ್ಲಚ್ ತಳಕ್ಕೆ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿ. ಆಗಲೂ ಬೀಳದಿದ್ದರೆ ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿ ಪ್ರಯತ್ನಿಸಿ. ಕೆಲವು ಕಾರಿನಲ್ಲಿ ಲಿವರ್ ಕೆಳಗಿನ ಉಂಗುರ ಎತ್ತಬೇಕು, ಕೆಲವದರಲ್ಲಿ ಲಿವರನ್ನೇ ಕೆಳಕ್ಕೆ ಅದುಮಬೇಕು. ಬಲವಂತವಾಗಿ ತುರುಕಿದರೆ ಗೇರಿನ ಹಲ್ಲು ಹೋಗುತ್ತದೆ.

ಆಟೊಮ್ಯಾಟಿಕ್ ಕಾರು ತಗೊಂಡ್ವಿ. ಎಡಗಾಲಿಂದ ಬ್ರೇಕ್ ಒತ್ತಿದ್ರೆ ಸುಲಭ ಅಲ್ವಾ?

ಬೇಡವೇ ಬೇಡ. ಕ್ಲಚ್ಚಿಗೆ ಪಳಗಿದ ಎಡಗಾಲು ಬ್ರೇಕನ್ನೂ ತಳಕ್ಕೆ ತುಳಿಯುತ್ತದೆ. ಗಾಬರಿಯಲ್ಲಿ ಎರಡು ಕಾಲೂ ಒಟ್ಟಿಗೆ ಇಳಿದರೆ ಕಾರು ನಿಲ್ಲಬೇಕಾದ ಕಡೆ ಎಂಜಿನ್ ಎಳೆಯುತ್ತಿರುತ್ತದೆ. ಎಡಗಾಲಿಗೆ ರಜೆ ಕೊಡಿ.

‘ಡಿ’ ಅಥವಾ ‘ಆರ್’ಗೆ ಹಾಕುವ ಮುನ್ನ ಬ್ರೇಕ್ ಒತ್ತಿರಲೇಬೇಕು, ಏಕೆಂದರೆ ಬ್ರೇಕ್ ಬಿಟ್ಟ ಕೂಡಲೇ ಎಕ್ಸಲೇಟರ್ ಇಲ್ಲದೆಯೇ ಗಾಡಿ ತೆವಳುತ್ತದೆ. ‘ಡಿ’ಯಲ್ಲಿಟ್ಟು ಗೇಟು ತೆಗೆಯಲು ಇಳಿಯುವುದು ಮನೆಯವರ ಜೀವಕ್ಕೇ ಕುತ್ತು. ಪಾರ್ಕ್ ಮಾಡುವಾಗ ಬ್ರೇಕ್ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ‘ಪಿ’. ಕ್ಲಚ್, ಗೇರಿನ ಕೆಲಸವನ್ನು ಕಾರೇ ಮಾಡಿಕೊಳ್ಳುವ ಕಡಿಮೆ ಬೆಲೆಯ ಎಎಂಟಿ ಕಾರುಗಳಲ್ಲಿ ‘ಪಿ’ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಹ್ಯಾಂಡ್‌ಬ್ರೇಕ್ ಮರೆಯುವ ಹಾಗೇ ಇಲ್ಲ. ಎಎಂಟಿ ಒಳಗೆ ಇರುವುದು ಮಾಮೂಲಿ ಕ್ಲಚ್ಚೇ. ಏರಿನಲ್ಲಿ ಎಕ್ಸಲೇಟರ್ ಒತ್ತಿಕೊಂಡೇ ಗಾಡಿ ನಿಲ್ಲಿಸಿದರೆ ಅದೂ ಸುಡುತ್ತದೆ.

## ಬ್ರೇಕ್

ನಿಲ್ಲಿಸುವಾಗ ಮೊದಲು ಕ್ಲಚ್ಚಾ, ಬ್ರೇಕಾ?

ಬ್ರೇಕ್. ಮೊದಲೇ ಕ್ಲಚ್ ಒತ್ತಿದರೆ ಎಂಜಿನ್ ಕೊಡುತ್ತಿದ್ದ ಹಿಡಿತ ತಪ್ಪಿ ಗಾಡಿ ಸಲೀಸಾಗಿ ಮುಂದಕ್ಕೆ ನುಗ್ಗುತ್ತದೆ. ಎಕ್ಸಲೇಟರ್ ಬಿಡಿ, ಬ್ರೇಕ್ ಒತ್ತಿ, ಎಂಜಿನ್ ನಡುಗುವ ಹಂತ ಬಂದಾಗ ಕ್ಲಚ್ ಒತ್ತಿ. ಅಪಾಯದಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ತಳಕ್ಕೆ ತುಳಿಯಿರಿ. ಮಾಮೂಲಿ ನಿಲುಗಡೆಯಲ್ಲಿ ಕೊನೆಯ ಒಂದು ಮೀಟರಿಗೆ ಬ್ರೇಕ್ ಚೂರು ಸಡಿಲಿಸಿದರೆ ಹಿಂದೆ ಕೂತವರ ತಲೆ ಮುಂದಕ್ಕೆ ಹೊಯ್ದಾಡುವುದಿಲ್ಲ.

ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು?

ಅಪಾಯ ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡಾದರೂ ಬೇಕು. 60 ಕಿ.ಮೀ. ವೇಗದಲ್ಲಿ ಆ ಸೆಕೆಂಡಿನಲ್ಲಿ ಗಾಡಿ 17 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಟೈರ್ ಇದ್ದರೂ ನಿಲ್ಲಲು ಇನ್ನೂ 20 ಮೀಟರ್ ಹಿಡಿಯುತ್ತದೆ, ಒಟ್ಟು 37. ವೇಗ 100 ಆದರೆ 28 ಕೂಡಿಸು 55, ಅಂದರೆ 83 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿಯುವ ದೂರ ನಾಲ್ಕು ಪಟ್ಟಾಗುತ್ತದೆ, ಇದನ್ನು ನೆನಪಿಟ್ಟರೆ ಸಾಕು. ರಸ್ತೆಯಲ್ಲಿ ಮೀಟರ್ ಎಣಿಸಲು ಆಗದು. ಮುಂದಿನ ಗಾಡಿ ಒಂದು ಕಂಬ ದಾಟಿದಾಗಿನಿಂದ ನೀವು ಅದೇ ಕಂಬ ತಲುಪುವವರೆಗೆ ಮೂರು ಸೆಕೆಂಡ್ ಆಗಬೇಕು. ಮಳೆಯಲ್ಲಿ ಐದಾರು. ಮಧ್ಯೆ ಯಾರಾದರೂ ನುಗ್ಗುತ್ತಾರೆ ಎನ್ನುವುದು ನಿಜ. ನುಗ್ಗಲಿ, ಮತ್ತೆ ಅಷ್ಟು ಬಿಟ್ಟುಕೊಳ್ಳಿ.

ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ತಟತಟ ಒದೆಯುತ್ತೆ. ಕಾಲು ತೆಗೀಬೇಕಾ?

ತೆಗೆಯಬಾರದು. ಅದು ಎಬಿಎಸ್ ಕೆಲಸ ಮಾಡುತ್ತಿರುವ ಸದ್ದು. ಚಕ್ರ ಲಾಕ್ ಆಗದಂತೆ ಸೆಕೆಂಡಿಗೆ ಹಲವು ಸಲ ಬ್ರೇಕ್ ಬಿಟ್ಟು ಹಿಡಿಯುತ್ತದೆ, ಆದ್ದರಿಂದಲೇ ಬ್ರೇಕ್ ಒತ್ತಿಕೊಂಡೂ ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಅದಕ್ಕಿಂತ ಹಳೆಯ, ಎಬಿಎಸ್ ಇಲ್ಲದ ಕಾರಿನಲ್ಲಿ ಚಕ್ರ ಲಾಕ್ ಆಗಿ ಜಾರಿದರೆ ಬ್ರೇಕ್ ಒಂದು ಕ್ಷಣ ಸಡಿಲಿಸಿ ಮತ್ತೆ ಒತ್ತಬೇಕು. ಎಬಿಎಸ್ ಮರಳು, ಜಲ್ಲಿ ಮೇಲೆ ಗಾಡಿಯನ್ನು ಬೇಗ ನಿಲ್ಲಿಸಿಕೊಡುವುದಿಲ್ಲ.

ಹ್ಯಾಂಡ್‌ಬ್ರೇಕ್ ಇಳಿಸೋದೇ ಮರೆತು ಓಡಿಸಿಬಿಟ್ಟೆ. ಏನಾಗುತ್ತೆ?

ಹಿಂದಿನ ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ, ಲೈನರ್ ಸವೆಯುತ್ತದೆ. ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಹಾಕಬೇಡಿ. ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಮೂತಿ ಏರಿನ ಕಡೆಗಿದ್ದರೆ ಫಸ್ಟ್ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರಿನಲ್ಲಿ ಬಿಟ್ಟು, ಹಿಂಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕುವುದು ನಿಮ್ಮದೇ ಹೊಣೆ, ಹಿಂದೆ ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ.

## ಸ್ಟೇರಿಂಗ್, ದೀಪ, ಇಂಡಿಕೇಟರ್

ಸ್ಟೇರಿಂಗ್ ಒಂದೇ ಕೈಲಿ ತಿರುಗಿಸೋರು ಎಷ್ಟೋ ಜನ ಇದಾರಲ್ಲ?

ಇದ್ದಾರೆ, ಗುಂಡಿ ಸಿಗುವವರೆಗೆ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಕೈಗಳಿರಲಿ, ಹೆಬ್ಬೆರಳು ಅಂಚಿನ ಮೇಲಿರಲಿ. ತಿರುವಿನಲ್ಲಿ ಒಂದು ಕೈ ತಳ್ಳಲಿ, ಇನ್ನೊಂದು ಎಳೆಯಲಿ. ಕೈಯನ್ನು ಒಳಗಿನಿಂದ ತೂರಿಸಿ ಅಂಗೈ ಮೇಲೆ ಮಾಡಿ ಹಿಡಿಯುವ ಅಭ್ಯಾಸ ಬಿಡಿ, ಚಕ್ರ ಕಲ್ಲಿಗೆ ಹೊಡೆದಾಗ ಮಣಿಕಟ್ಟು ಉಳುಕುತ್ತದೆ. ತಿರುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವಾಗ ಕೈಯಲ್ಲಿ ಸಡಿಲವಾಗಿ ಜಾರಲಿ, ಪೂರ್ತಿ ಬಿಡಬೇಡಿ.

ಮೈಸೂರಲ್ಲಿ ಸರ್ಕಲ್‌ಗಳೇ ಜಾಸ್ತಿ. ಯಾರು ಯಾರಿಗೆ ದಾರಿ ಬಿಡಬೇಕು? ನೇರ ಹೋಗುವಾಗ ಎರಡೂ ಇಂಡಿಕೇಟರ್ ಹಾಕ್ಬೇಕಾ?

ವೃತ್ತದೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು. ನಮ್ಮಲ್ಲಿ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಆದ್ದರಿಂದ ನೀವು ನೋಡಬೇಕಾದದ್ದು ಬಲಗಡೆಗೆ. ಎರಡನೇ ಗೇರಿಗೆ ಇಳಿದು, ಬಲಕ್ಕೆ ನೋಡಿ, ಸಂದು ಸಿಕ್ಕಾಗ ಸೇರಿ. ಹೊರಗೆ ಬರುವ ರಸ್ತೆಗೆ ಸ್ವಲ್ಪ ಮುಂಚೆ ಎಡ ಇಂಡಿಕೇಟರ್ ಹಾಕಿ, ಎಡ ಮಿರರ್ ನೋಡಿ ಹೊರಬನ್ನಿ. ಎಡಗಡೆ ಯಾವಾಗಲೂ ಒಂದು ಸ್ಕೂಟರ್ ಇದ್ದೇ ಇರುತ್ತದೆ ಎಂದುಕೊಳ್ಳಿ. ನೇರ ಹೋಗಲು ನಾಲ್ಕೂ ದೀಪ ಮಿಟುಕಿಸುವುದು ತಪ್ಪು. ಪಕ್ಕದಿಂದ ನೋಡುವವನಿಗೆ ಒಂದೇ ದೀಪ ಕಾಣುತ್ತದೆ, ನೀವು ಅವನ ಕಡೆ ತಿರುಗುತ್ತೀರಿ ಎಂದುಕೊಳ್ಳುತ್ತಾನೆ. ನಾಲ್ಕೂ ದೀಪ ಇರುವುದು ಕೆಟ್ಟು ನಿಂತ ಗಾಡಿಗೆ.

ರಾತ್ರಿ ಹೈಬೀಮ್ ಯಾವಾಗ?

ಬೀದಿದೀಪ ಇಲ್ಲದ, ಎದುರಿಗೆ, ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಮಾತ್ರ. ಎದುರು ಗಾಡಿಯ ಬೆಳಕು ಕಂಡ ಕೂಡಲೇ ಇಳಿಸಿ. ಅವರು ಇಳಿಸದಿದ್ದರೆ ಹಟಕ್ಕೆ ಬೀಳಬೇಡಿ, ನಿಮ್ಮ ಎಡಬದಿಯ ಬಿಳಿ ಗೆರೆ ನೋಡಿಕೊಂಡು ವೇಗ ಇಳಿಸಿ. ಚಳಿಗಾಲದ ಮುಂಜಾನೆ ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಬರುತ್ತದೆ, ಲೋಬೀಮ್ ಹಾಕಿ.

## ದಿಣ್ಣೆ ಮತ್ತು ಬೆಟ್ಟ

ದಿಣ್ಣೆ ಮೇಲೆ ನಿಲ್ಸಿ ಮತ್ತೆ ಹೊರಟ್ರೆ ಗಾಡಿ ಹಿಂದಕ್ಕೆ ಬತ್ತದೆ. ಏನ್ ಮಾಡದು?

ಹ್ಯಾಂಡ್‌ಬ್ರೇಕ್ ಬಳಸಿ, ಅದರಲ್ಲಿ ಅವಮಾನವೇನಿಲ್ಲ.

1. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ.
2. ಬಲಗಾಲು ಬ್ರೇಕಿನಿಂದ ಎಕ್ಸಲೇಟರ್‌ಗೆ ತಂದು ಎಂಜಿನ್ ಸುತ್ತು 1,500–2,000ಕ್ಕೆ ಏರಿಸಿ.
3. ಕ್ಲಚ್ ಹಿಡಿಯುವ ಜಾಗದವರೆಗೆ ಬಿಡಿ. ಗಾಡಿಯ ಹಿಂಭಾಗ ಕುಕ್ಕರಿಸಿದಂತೆ ಆಗುತ್ತದೆ.
4. ಗುಂಡಿ ಒತ್ತಿ ಹ್ಯಾಂಡ್‌ಬ್ರೇಕ್ ಇಳಿಸಿ. ಗಾಡಿ ಮುಂದಕ್ಕೆ ಕದಲಿದ ಮೇಲೆ ಕ್ಲಚ್ ಪೂರ್ತಿ ಬಿಡಿ.

ಆದರೂ ಹಿಂದಕ್ಕೆ ಬಂದರೆ ಮೊದಲು ಒತ್ತಬೇಕಾದದ್ದು ಬ್ರೇಕ್, ಎಕ್ಸಲೇಟರ್ ಅಲ್ಲ. ಮುಂದೆ ನಿಂತ ಗಾಡಿಯೂ ಹಿಂದೆ ಬರಬಹುದು ಎಂದು ಒಂದು ಕಾರಿನುದ್ದ ಜಾಗ ಬಿಟ್ಟೇ ನಿಲ್ಲಿ.

ಚಾಮುಂಡಿ ಬೆಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತಂತೆ?

ಉಳಿಯುವುದಿಲ್ಲ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಇಂಧನ ಪೂರೈಕೆಯೇ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಪೆಟ್ರೋಲ್ ಸುಡಲೇಬೇಕು.

ಹಣಕ್ಕಿಂತ ದೊಡ್ಡದು ಜೀವ. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಜನ ತುಂಬಿದ ಕಾರು ಅಷ್ಟು ಇಳಿಯುವಾಗ ಹುಟ್ಟುವ ಶಕ್ತಿಯೆಲ್ಲ, ನ್ಯೂಟ್ರಲ್‌ನಲ್ಲಿದ್ದರೆ, ಬಿಸಿಯಾಗಿ ಬ್ರೇಕಿಗೇ ಹೋಗುತ್ತದೆ. ಬ್ರೇಕ್ ಮೇಲೆ ಸತತವಾಗಿ ಕಾಲಿಟ್ಟರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಹಳೆಯ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ, ಅದು ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವುದಂತೂ ಹುಚ್ಚು. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಪವರ್ ಸ್ಟೇರಿಂಗ್ ಭಾರವಾಗುತ್ತದೆ, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ.

ಇಳಿಯಲು ಶುರು ಮಾಡುವ ಮೊದಲೇ ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಎಂಜಿನ್ ಹಿಡಿದುಕೊಂಡು ಗಾಡಿ ತಾನೇ ನಿಧಾನಕ್ಕೆ ಇಳಿಯುತ್ತದೆ. ವೇಗ ಏರಿದರೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಬ್ರೇಕಿಗೆ ಆರಲು ಸಮಯ ಸಿಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ‘ಎಲ್’, ‘2’ ಅಥವಾ ಮ್ಯಾನುಯಲ್ ಮೋಡ್ ಹಾಕಿ. ತಿರುವಿಗೆ ಮುಂಚೆಯೇ ವೇಗ ಇಳಿಯಲಿ, ತಿರುವಿನೊಳಗೆ ಬ್ರೇಕ್ ಬೇಡ. ಕಿರಿದಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡಿ. ಮೇಲುಕೋಟೆ ಬೆಟ್ಟಕ್ಕೂ ಇದೇ ಮಾತು.

## ನಮ್ಮ ಕಡೆಯ ರಸ್ತೆಗಳು

ಹಳ್ಳಿ ರಸ್ತೇಲಿ ರಾಗಿ, ಹುರುಳಿ ಒಕ್ಕಣೆಗೆ ಹಾಕಿರ್ತಾರೆ. ಮೇಲೆ ಹತ್ತಿಸಿ ಹೋದ್ರೆ ಏನಾಗುತ್ತೆ?

ಎರಡು ಅಪಾಯ. ಒಣ ಹುಲ್ಲಿನ ಮೇಲೆ ಟೈರಿಗೆ ಹಿಡಿತ ಇಲ್ಲ, ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಕಾರಿನಡಿಯ ಸೈಲೆನ್ಸರ್ ಪೈಪು ಹುಲ್ಲು ಹೊತ್ತಿಕೊಳ್ಳುವಷ್ಟು ಕಾದಿರುತ್ತದೆ. ಹುಲ್ಲು ಅಲ್ಲಿ, ಆಕ್ಸಲ್‌ಗೆ ಸುತ್ತಿಕೊಂಡು ಬೆಂಕಿ ಹತ್ತುತ್ತದೆ.

ದೂರದಿಂದಲೇ ವೇಗ 20ಕ್ಕೆ ಇಳಿಸಿ, ಖಾಲಿ ಬಿಟ್ಟ ಬದಿಯಲ್ಲಿ ಹೋಗಿ. ಆ ಬದಿ ಎದುರಿನಿಂದ ಬರುವವರದ್ದಾದರೆ ಕಾದು ಹೋಗಿ. ರಾಶಿಯ ಅಂಚಿಗೆ ಇಟ್ಟ ಕಲ್ಲು, ದಿಮ್ಮಿಗಳು ಸಂಜೆ ಹೊತ್ತು ಕಾಣುವುದಿಲ್ಲ. ಹತ್ತಿಸದೆ ದಾರಿಯೇ ಇಲ್ಲದಿದ್ದರೆ ನಡುವೆ ನಿಲ್ಲಿಸದೆ ಸಮವೇಗದಲ್ಲಿ ದಾಟಿ. ನೂರಿನ್ನೂರು ಮೀಟರ್ ಆಚೆ, ಹುಲ್ಲಿಲ್ಲದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಅಡಿಗೆ ಬಗ್ಗಿ ನೋಡಿ. ಸಿಕ್ಕಿಕೊಂಡ ಹುಲ್ಲನ್ನು ಕೋಲಿನಿಂದ ಎಳೆಯಿರಿ, ಕೈ ಹಾಕಬೇಡಿ. ಹೊಗೆ ಕಂಡರೆ ಎಲ್ಲರನ್ನೂ ಇಳಿಸಿ ದೂರ ಕರೆದುಕೊಂಡು ಹೋಗಿ. ಸಾಮಾನು ಹೋದರೆ ಹೋಗಲಿ.

ಕಬ್ಬಿನ ಟ್ರ್ಯಾಕ್ಟರ್ ರಾತ್ರಿ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತಂಗಾಗುತ್ತೆ.

ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ಇದು ನಿತ್ಯದ ಅಪಾಯ. ಟ್ರೈಲರ್‌ನಿಂದ ಹೊರಚಾಚಿದ ಜಲ್ಲೆಗಳು ಹಿಂದಿನ ದೀಪ, ರಿಫ್ಲೆಕ್ಟರ್‌ಗಳನ್ನು ಮುಚ್ಚಿರುತ್ತವೆ. ಎತ್ತಿನ ಗಾಡಿಗೆ ದೀಪವೇ ಇರುವುದಿಲ್ಲ. ಲೋಬೀಮ್ ಬೆಳಕಿನಲ್ಲಿ ಚೆನ್ನಾಗಿ ಕಾಣುವುದು ಸುಮಾರು 40ರಿಂದ 60 ಮೀಟರ್. 80ರ ವೇಗದಲ್ಲಿ ನಿಲ್ಲಲು 57 ಮೀಟರ್ ಬೇಕು. ಅಂದರೆ ಕಂಡ ಮೇಲೆ ಬ್ರೇಕ್ ಒತ್ತಿದರೂ ತಡವೇ. ಬೀದಿದೀಪ ಇಲ್ಲದ ಕಡೆ 50–60 ದಾಟಬೇಡಿ. ಹಿಂದಿಕ್ಕುವಾಗ ಕಬ್ಬಿನ ತುದಿಗಳಿಂದ ಕನಿಷ್ಠ ಒಂದು ಮೀಟರ್ ದೂರ ಇರಿ. ಎರಡು ಟ್ರೈಲರ್ ಕಟ್ಟಿದ್ದರೆ ಹಿಂದಿನದು ಹಾವಿನಂತೆ ಆಚೀಚೆ ಬಳುಕುತ್ತದೆ.

ನಾಲೆ ಏರಿ ಮೇಲಿನ ರಸ್ತೇಲಿ ಎದುರು ಗಾಡಿ ಬಂದ್ರೆ? ಅಕಸ್ಮಾತ್ ನೀರಿಗೆ ಬಿದ್ರೆ?

2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಪ್ರಾಣ ಕಳೆದುಕೊಂಡರು. ತಡೆಗೋಡೆ ಇಲ್ಲದ ಏರಿಯ ಮೇಲೆ ವೇಗ 30 ಮೀರದಿರಲಿ. ಎದುರು ಗಾಡಿ ಕಂಡರೆ ಅಗಲ ಇರುವ ಕಡೆಯೇ ನಿಂತು ಕಾಯಿರಿ. ನಾಲೆ ಬದಿಯ ಚಕ್ರವನ್ನು ಡಾಂಬರಿನಿಂದ ಕೆಳಗೆ ಇಳಿಸಬೇಡಿ, ಮಳೆ ಬಂದ ಮೇಲೆ ಆ ಮಣ್ಣು ಕುಸಿಯುತ್ತದೆ.

ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷವೇ ಎಲ್ಲ. ಫೋನ್ ಮಾಡಲು ಹೋಗಬೇಡಿ. ಬೆಲ್ಟ್ ಬಿಚ್ಚಿ, ಕೂಡಲೇ ಕಿಟಕಿ ಇಳಿಸಿ. ನೀರು ಗಾಜಿನ ಮಟ್ಟಕ್ಕೆ ಏರುವ ಮೊದಲು ಪವರ್ ವಿಂಡೋ ಸಾಮಾನ್ಯವಾಗಿ ಇಳಿಯುತ್ತದೆ. ಮಕ್ಕಳನ್ನು ಮೊದಲು ಹೊರಗೆ ತಳ್ಳಿ, ಆಮೇಲೆ ನೀವು. ಬಾಗಿಲು ತೆಗೆಯಲು ಹೆಣಗಬೇಡಿ, ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯದು, ತೆರೆದರೂ ಕಾರು ಬೇಗ ಮುಳುಗುತ್ತದೆ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪು ಲೋಹದಿಂದ ಹೊಡೆಯಿರಿ. ಮುಂದಿನ ಗಾಜು ಒಳಗೆ ಪದರ ಇರುವಂಥದ್ದು, ಅದನ್ನು ಒಡೆಯಲು ಹೋಗಿ ಸಮಯ ಕಳೆಯಬೇಡಿ. ಗಾಜು ಒಡೆಯುವ ಸಣ್ಣ ಸುತ್ತಿಗೆ ಡ್ರೈವರ್ ಕೈಗೆಟುಕುವ ಕಡೆ ಇರಲಿ. ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ.

ಬೆಂಗಳೂರು–ಮೈಸೂರು ಹೈವೇಗೆ ಹೊಸಬರು ಯಾವಾಗ ಹೋಗಬಹುದು?

ಊರೊಳಗೆ ಗೇರ್ ಬದಲಿಸುವುದು ಯೋಚನೆ ಇಲ್ಲದೆ ಬರುವಂತಾದ ಮೇಲೆ. ಮುಖ್ಯ ಪಥಗಳಲ್ಲಿ ಕಾರಿಗೆ ಗರಿಷ್ಠ ಮಿತಿ 100 ಕಿ.ಮೀ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶ ಇಲ್ಲ. ಸೇರಿಕೊಳ್ಳುವ ಜಾಗದಲ್ಲೇ ವೇಗವನ್ನು 70–80ಕ್ಕೆ ಏರಿಸಿ, ಮಿರರ್ ನೋಡಿ ಎಡ ಪಥಕ್ಕೆ ಬನ್ನಿ. ತೆವಳುತ್ತಾ ನುಗ್ಗಬೇಡಿ. ನಿರ್ಗಮನ ತಪ್ಪಿದರೆ ಮುಂದಿನದಕ್ಕೆ ಹೋಗಿ, ಒಂದಡಿಯೂ ರಿವರ್ಸ್ ಬರಬಾರದು. ಹೊರಡುವ ಮುನ್ನ ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟು ಬೇಕೆಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್ ಮೇಲಿರುತ್ತದೆ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾದು ಸಿಡಿಯುತ್ತದೆ.

## ಕೈ ಮೀರಿದಾಗ

ಬ್ರೇಕ್ ಒತ್ತಿದ್ರೆ ಹಿಡಿಯಲೇ ಇಲ್ಲ ಅಂದ್ರೆ?

ಪೆಡಲನ್ನು ಬೇಗ ಬೇಗ ಪಂಪ್ ಮಾಡಿ, ಒತ್ತಡ ಸ್ವಲ್ಪ ಮರಳಬಹುದು. ಜೊತೆಗೇ ಒಂದೊಂದೇ ಗೇರ್ ಇಳಿಸಿ. ಐದರಿಂದ ಸೀದಾ ಒಂದಕ್ಕೆ ಹಾಕಬೇಡಿ, ಚಕ್ರ ಲಾಕ್ ಆಗುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್‌ನ ಗುಂಡಿ ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ, ಹಿಂಚಕ್ರ ಜಾರಿದರೆ ಸಡಿಲಿಸಬಹುದು. ಹಾರ್ನ್ ಮತ್ತು ನಾಲ್ಕೂ ದೀಪ ಹಾಕಿ. ಎಂಜಿನ್ ಆಫ್ ಮಾಡಬೇಡಿ.

ಎಕ್ಸಲೇಟರ್ ಸಿಕ್ಕಿಕೊಂಡು ಗಾಡಿ ಓಡ್ತಾನೇ ಇದ್ರೆ?

ಕ್ಲಚ್ ತಳಕ್ಕೆ ಒತ್ತಿ ಅಥವಾ ಲಿವರ್ ನ್ಯೂಟ್ರಲ್‌ಗೆ ತಳ್ಳಿ. ಆಟೊಮ್ಯಾಟಿಕ್‌ನಲ್ಲಿ ‘ಎನ್’. ಎಂಜಿನ್ ಕಿರುಚಿದರೆ ಕಿರುಚಲಿ. ಬ್ರೇಕ್ ಒಂದೇ ಸಮ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇಲ್ಲಿ ಪಂಪ್ ಮಾಡಬಾರದು, ಎಂಜಿನ್ ಜೋರಾಗಿರುವಾಗ ಬ್ರೇಕಿಗೆ ಸಿಗುವ ನೆರವು ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಗಾಡಿ ನಿಂತ ಮೇಲೆ ಕೀ ಆಫ್ ಮಾಡಿ. ಕಾಲಿನಿಂದ ಮ್ಯಾಟ್ ಸರಿಸಲು ಹೋಗಿ ಕಣ್ಣು ರಸ್ತೆಯಿಂದ ತೆಗೆಯಬೇಡಿ.

ಓಡುವಾಗ ಟೈರ್ ಸಿಡಿದರೆ?

ಬ್ರೇಕ್ ಮುಟ್ಟಬೇಡಿ. ಗಾಡಿ ಸಿಡಿದ ಟೈರಿನ ಕಡೆಗೆ ಎಳೆಯುತ್ತದೆ, ಬ್ರೇಕ್ ಒತ್ತಿದರೆ ಆ ಎಳೆತ ಹೆಚ್ಚಿ ತಿರುಗಿ ಬೀಳುತ್ತದೆ. ಎರಡೂ ಕೈಯಲ್ಲಿ ಸ್ಟೇರಿಂಗ್ ನೇರಕ್ಕೆ ಬಿಗಿಹಿಡಿದು, ಎಕ್ಸಲೇಟರ್‌ನಿಂದ ಕಾಲನ್ನು ನಿಧಾನಕ್ಕೆ ಎತ್ತಿ. ವೇಗ 30ರ ಆಸುಪಾಸಿಗೆ ಇಳಿದ ಮೇಲೆ ಎಡಕ್ಕೆ ಸರಿದು, ಮೆತ್ತಗೆ ಬ್ರೇಕ್ ಒತ್ತಿ ನಿಲ್ಲಿಸಿ. ನಾಲ್ಕೂ ದೀಪ ಹಾಕಿ, ಜನರನ್ನು ಎಡ ಬಾಗಿಲಿನಿಂದ ಇಳಿಸಿ ತಡೆಗಂಬಿಯ ಆಚೆ ನಿಲ್ಲಿಸಿ. ಎಚ್ಚರಿಕೆ ತ್ರಿಕೋನವನ್ನು ಹೈವೇಯಲ್ಲಿ 50 ಹೆಜ್ಜೆಗೆ ಕಡಿಮೆ ಇಲ್ಲದಂತೆ ಹಿಂದೆ ಇಟ್ಟು ಬನ್ನಿ. ಬಲಬದಿಯ ಟೈರ್ ಆಗಿದ್ದರೆ ಓಡುವ ಗಾಡಿಗಳ ಪಕ್ಕದಲ್ಲಿ ಕೂತು ಜಾಕ್ ಹಾಕಬೇಡಿ. ನಿಧಾನಕ್ಕೆ ಸುರಕ್ಷಿತ ಜಾಗದವರೆಗೆ ಉರುಳಿಸಿಕೊಂಡು ಹೋಗಿ, ರಿಮ್ ಹಾಳಾದರೂ ಸರಿ.